ಗಂಡಸರ ಅಲಂಕಾರ ಬೇರೆ, ಹೆಂಗಸರ ಅಲಂಕಾರ ಬೇರೆ ಯಾಕೆ? ನೀವೇ ಬಿಡಿಸಿ ನೋಡೋ ವಿಧಾನ

"ಹೆಂಗಸರಿಗೆ ಅಲಂಕಾರದ ಆಸೆ ಹುಟ್ಟಿನಿಂದಾನೇ ಇರುತ್ತೆ, ಗಂಡಸರಿಗೆ ಅದೆಲ್ಲ ಬೇಕಿಲ್ಲ" ಅಂತ ಒಬ್ರು ಹೇಳ್ತಾರೆ, ಪಕ್ಕದಲ್ಲಿದ್ದವರು "ಇಲ್ಲ ಇಲ್ಲ, ಅದೆಲ್ಲ ಸಮಾಜ ಹೇರಿದ್ದು, ದೇಹಕ್ಕೂ ಅದಕ್ಕೂ ಸಂಬಂಧಾನೇ ಇಲ್ಲ" ಅಂತಾರೆ, ಅಲ್ಲಿಗೆ ಮಾತು ನಿಲ್ಲುತ್ತೆ, ಇಲ್ಲಾ ಜಗಳ ಶುರುವಾಗುತ್ತೆ. ಕಾಲೇಜಲ್ಲಿ ಈ ವಿಷಯದ ಮೇಲೆ ಪ್ರಾಜೆಕ್ಟ್ ಬರೆಯೋರು, ಮಕ್ಕಳ ಪ್ರಶ್ನೆಗೆ ಉತ್ತರ ಕೊಡ್ಬೇಕಾದ ಅಪ್ಪ ಅಮ್ಮಂದಿರು, ಸುಮ್ನೆ ಕುತೂಹಲ ಇರೋರು, ಬಹಳಷ್ಟು ಜನ ಈ ಎರಡರಲ್ಲಿ ಒಂದನ್ನ ಹಿಡ್ಕೊಂಡು ಕೂತುಬಿಡ್ತಾರೆ. ನನಗೆ ಇದು ಸಣ್ಣ ವಿಷಯ ಅಂತ ಅನ್ಸಲ್ಲ, ಯಾಕಂದ್ರೆ ಮೊದಲನೇ ಉತ್ತರದಿಂದ ಕಿವಿ ಚುಚ್ಚಿಸ್ಕೊಂಡ ಹುಡುಗನಿಗೆ ಬೈಗುಳ ಬೀಳುತ್ತೆ, ಮೇಕಪ್ ಮಾಡ್ಕೊಳ್ಳದ ಹುಡುಗಿಗೆ "ನಿನಗೇನು ಕಡಿಮೆ ಆಗಿದೆ" ಅನ್ನೋ ಮಾತು ಬೀಳುತ್ತೆ. ಎರಡನೇ ಉತ್ತರದಿಂದ ನಮ್ಮ ದೇಹ, ನಮ್ಮ ಕಣ್ಣು ಹೇಗೆ ಕೆಲಸ ಮಾಡುತ್ತೆ ಅನ್ನೋದನ್ನ ತಿಳ್ಕೊಳ್ಳೋ ದಾರೀನೇ ಮುಚ್ಚಿಹೋಗುತ್ತೆ. ಹಾಗಾಗಿ ಯಾವುದಾದ್ರೂ ಒಂದು ಆಭರಣ, ಒಂದು ಬಣ್ಣ, ಒಂದು ಬಟ್ಟೆ ತಗೊಂಡು ಅದರಲ್ಲಿ ದೇಹದ ಪಾಲೆಷ್ಟು ಸಮಾಜದ ಪಾಲೆಷ್ಟು ಅಂತ ನೀವೇ ಬಿಡಿಸಿ ನೋಡೋದು ಹೇಗೆ ಅಂತ ಹೇಳ್ತೀನಿ.

ಮೊದಲು ಒಂದೇ ಒಂದು ವಸ್ತು ಆರಿಸ್ಕೊಳ್ಳಿ

ಅಲಂಕಾರ ಅಂತ ಇಡೀ ಗಂಟನ್ನ ಒಟ್ಟಿಗೆ ಬಿಚ್ಚೋಕೆ ಹೋಗ್ಬೇಡಿ. ಲಿಪ್‌ಸ್ಟಿಕ್ಕು, ಗಡ್ಡ, ಹಚ್ಚೆ, ಓಲೆ, ಟೈ, ಹೈ ಹೀಲ್ಸ್, ಇವೆಲ್ಲ ಒಂದೇ ಕಾರಣಕ್ಕೆ ಹುಟ್ಟಿದ್ದಲ್ಲ, ಒಂದೇ ಕಾರಣಕ್ಕೆ ಗಂಡಿನದ್ದು ಹೆಣ್ಣಿನದ್ದು ಅಂತ ಭಾಗ ಆಗಿದ್ದೂ ಅಲ್ಲ. ಒಂದನ್ನ ಆರಿಸಿ, ಒಂದು ಹಾಳೆ ಮೇಲೆ ಅದರ ಹೆಸರು ಬರೀರಿ, ಕೆಳಗೆ ಇದು ತೆಗೆದು ಹಾಕೋ ಅಂಥದ್ದಾ ಅಥವಾ ದೇಹದಲ್ಲೇ ಉಳಿಯೋ ಅಂಥದ್ದಾ ಅಂತ ಬರೀರಿ. ಇದು ಸಣ್ಣ ಪ್ರಶ್ನೆ ಅನ್ಸಬಹುದು, ಆದ್ರೆ ಬಹಳ ಕೆಲಸಕ್ಕೆ ಬರುತ್ತೆ. ಹಚ್ಚೆ, ಚರ್ಮದ ಮೇಲೆ ಗಾಯ ಮಾಡಿ ಮೂಡಿಸೋ ಗುರುತು, ಇಂಥವು ಸಾಮಾನ್ಯವಾಗಿ ನೀನು ಯಾವ ಗುಂಪಿನವನು, ನಿನಗೆ ವಯಸ್ಸಿಗೆ ಬಂದಾಯ್ತಾ, ಏನು ಸಹಿಸ್ಕೊಂಡಿದ್ದೀಯ ಅನ್ನೋದನ್ನ ಹೇಳ್ತವೆ, ಇಂದು ಹಾಕಿ ನಾಳೆ ತೆಗೆಯೋ ಬಣ್ಣ ಬಟ್ಟೆಗಳು ಸಂದರ್ಭಾನ, ದುಡ್ಡನ್ನ, ಮನಸ್ಸನ್ನ ಹೇಳ್ತವೆ. ಎರಡಕ್ಕೂ ಒಂದೇ ಸಿದ್ಧಾಂತ ಅಂಟಿಸಿದ್ರೆ ದಾರಿ ತಪ್ಪುತ್ತೆ.

ಎಷ್ಟು ಹಳೇದು, ಯಾರ ಮೈಮೇಲೆ ಸಿಕ್ತು

"ಮೊದಲಿಂದಾನೂ ಹೀಗೇ" ಅಂತ ಯಾರಾದ್ರೂ ಹೇಳಿದ್ರೆ ನೇರವಾಗಿ ಹಳೇ ಸಮಾಧಿಗಳ ಹತ್ರ ಹೋಗಿ, ಅಲ್ಲಿ ಊಹೆ ಕಡಿಮೆ, ಮೂಳೆ ಮಣಿ ಜಾಸ್ತಿ. ಮೊರಾಕ್ಕೋದ ಬಿಝ್‌ಮೂನ್ ಗುಹೇಲಿ ತೂತು ಇರೋ ಸಮುದ್ರದ ಚಿಪ್ಪಿನ ಮಣಿಗಳು ಸಿಕ್ಕಿವೆ, ಅವುಗಳ ವಯಸ್ಸು ಹೆಚ್ಚುಕಮ್ಮಿ 1,42,000ದಿಂದ 1,50,000 ವರ್ಷ, ಅಂದ್ರೆ ಬೇಸಾಯ, ಊರು, ರಾಜ ಇದ್ಯಾವುದೂ ಹುಟ್ಟೋಕೆ ಎಷ್ಟೋ ಮೊದಲೇ ಮನುಷ್ಯರು ಮಣಿ ಪೋಣಿಸ್ತಿದ್ರು. ಆ ಮಣಿ ಹಾಕಿದ್ದು ಗಂಡೋ ಹೆಣ್ಣೋ ಚಿಪ್ಪು ನೋಡಿ ಹೇಳೋಕಾಗಲ್ಲ. ಆದ್ರೆ ರಷ್ಯಾದ ಸುಂಗಿರ್‌ನಲ್ಲಿ ಹೇಳೋಕಾಗುತ್ತೆ. ಅಲ್ಲಿ ಸುಮಾರು 34,000 ವರ್ಷದ ಹಿಂದೆ ಹೂಳಿದ ಒಬ್ಬ ವಯಸ್ಕ ಗಂಡಸಿನ ಮೈಮೇಲೆ ಮ್ಯಾಮತ್ ಅನ್ನೋ, ಈಗ ಅಳಿದುಹೋಗಿರೋ ಆನೆ ಥರದ ಪ್ರಾಣಿಯ ದಂತದಿಂದ ಕೆತ್ತಿದ ಹತ್ತಿರ ಹತ್ತಿರ 3,000 ಮಣಿ ಇತ್ತು, ಬಟ್ಟೆಗೆ ಸಾಲುಸಾಲಾಗಿ ಹೊಲಿದಿದ್ದು. ಅಂಥ ಒಂದು ಮಣಿ ಕೆತ್ತೋಕೆ ಸುಮಾರು ಒಂದು ಗಂಟೆ ಬೇಕು ಅಂತ ಅದೇ ಥರ ಮಾಡಿ ನೋಡಿದವರ ಅಂದಾಜು, ಅಂದ್ರೆ ಈ ಒಬ್ಬ ಮನುಷ್ಯನ ಅಲಂಕಾರಕ್ಕೆ ಸಾವಿರಾರು ಗಂಟೆ ದುಡಿಮೆ ಬಿದ್ದಿದೆ, ಅದೂ ಬೇಟೆ ಆಡಿ ಹೊಟ್ಟೆ ತುಂಬಿಸ್ಕೊಳ್ಳೋ ಕಾಲದಲ್ಲಿ!

ಬಲ್ಗೇರಿಯಾದ ವಾರ್ನಾದಲ್ಲಿ 1972ರಲ್ಲಿ ಪತ್ತೆಯಾದ ಸ್ಮಶಾನದ 43ನೇ ಸಮಾಧೀಲಿ ಸುಮಾರು 6,500 ವರ್ಷ ಹಿಂದಿನ ಒಬ್ಬ ಗಂಡಸಿದ್ದಾನೆ, ಜೊತೇಲಿ ಸುಮಾರು ಒಂದೂವರೆ ಕೆಜಿ ಚಿನ್ನ ಇತ್ತು. ಆಲ್ಪ್ಸ್ ಹಿಮದಲ್ಲಿ 1991ರಲ್ಲಿ ಸಿಕ್ಕ ಓಟ್ಜಿ ಅನ್ನೋ 5,300 ವರ್ಷ ಹಳೇ ಗಂಡಸಿನ ದೇಹದ ಮೇಲೆ 61 ಹಚ್ಚೆ ಗುರುತು ಎಣಿಸಿದ್ದಾರೆ, ಅವುಗಳಲ್ಲಿ ಎಷ್ಟೋ ಸೊಂಟ ಮಂಡಿ ಕೀಲುಗಳ ಹತ್ರ ಇರೋದ್ರಿಂದ ನೋವಿಗೆ ಮದ್ದಾಗಿ ಹಾಕಿರಬಹುದು ಅಂತಾನೂ ಹೇಳ್ತಾರೆ, ಇರಲಿ. 1928ರಲ್ಲಿ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ಪ್ಯಾರಿಸ್‌ನ ಕಾರ್ಟಿಯೇ ಅನ್ನೋ ಒಡವೆ ಅಂಗಡಿಯವರ ಹತ್ರ ಮಾಡಿಸಿದ ಹಾರದಲ್ಲಿ 2,900ಕ್ಕೂ ಹೆಚ್ಚು ವಜ್ರ ಇತ್ತು. ಇಷ್ಟು ನೋಡಿದ ಮೇಲೆ "ಗಂಡಸರಿಗೆ ಸ್ವಭಾವತಃ ಅಲಂಕಾರ ಬೇಡ" ಅನ್ನೋ ಮಾತನ್ನ ಪಕ್ಕಕ್ಕಿಡಬಹುದು. ಇಬ್ಬರಿಗೂ ಬೇಕು, ಏನು ಬೇಕು ಯಾರಿಗೆ ತೋರಿಸೋಕೆ ಬೇಕು ಅನ್ನೋದ್ರಲ್ಲಿ ವ್ಯತ್ಯಾಸ ಇದೆ, ನಾವು ಹುಡುಕ್ತಿರೋದು ಅದನ್ನ.

ಜೀವವಿಜ್ಞಾನ ಹೇಳೋದನ್ನ ಪೂರ್ತಿ ಕೇಳಿ

ಜೀವವಿಜ್ಞಾನದ ಹೆಸರಲ್ಲಿ ಅರ್ಧಂಬರ್ಧ ಮಾತು ಬಹಳ ಓಡಾಡುತ್ತೆ, ಅದಕ್ಕೇ ಇಲ್ಲಿ ಸ್ವಲ್ಪ ನಿಧಾನ ಮಾಡಿ.

1871ರಲ್ಲಿ ಡಾರ್ವಿನ್ ಲೈಂಗಿಕ ಆಯ್ಕೆ ಅನ್ನೋ ವಿಚಾರಾನ ವಿಸ್ತಾರವಾಗಿ ಮುಂದಿಟ್ರು. ನವಿಲಿನ ಗರಿ ಓಡೋಕೂ ಹಾರೋಕೂ ತೊಂದರೆ, ಬದುಕೋಕೆ ಅದರಿಂದ ಲಾಭ ಇಲ್ಲ, ಆದ್ರೂ ಅದು ಯಾಕೆ ಉಳೀತು ಅಂದ್ರೆ ಹೆಣ್ಣು ನವಿಲು ಅಂಥ ಗಂಡನ್ನೇ ಆರಿಸ್ತು, ಇದು ಅವರ ವಾದ. ಆಮೇಲೆ 1972ರಲ್ಲಿ ರಾಬರ್ಟ್ ಟ್ರಿವರ್ಸ್ ಅನ್ನೋ ಜೀವವಿಜ್ಞಾನಿ ಇದಕ್ಕೆ ಒಂದು ಬೇರು ಕೊಟ್ರು: ಮರಿ ಬೆಳೆಸೋಕೆ ಯಾರು ಜಾಸ್ತಿ ಶ್ರಮ ಹಾಕ್ತಾರೋ ಅವರು ಆರಿಸೋವಾಗ ಜಾಸ್ತಿ ಹುಷಾರಾಗಿರ್ತಾರೆ, ಕಡಿಮೆ ಹಾಕೋರು ಆರಿಸಿಕೊಳ್ಳಲ್ಪಡೋಕೆ ಪೈಪೋಟಿ ಮಾಡ್ತಾರೆ. ಇದರ ಚೆಂದ ಏನಂದ್ರೆ ಇದು ಗಂಡು ಹೆಣ್ಣು ಅನ್ನೋ ಹೆಸರಿಗೆ ಅಂಟ್ಕೊಂಡಿಲ್ಲ. ಫಾಲರೋಪ್ ಅನ್ನೋ ನೀರಹಕ್ಕೀಲಿ ಕಾವು ಕೊಡೋದು ಮರಿ ನೋಡ್ಕೊಳ್ಳೋದು ಗಂಡು, ಅಲ್ಲಿ ಕಣ್ಣು ಕುಕ್ಕೋ ಬಣ್ಣ ಇರೋದು ಹೆಣ್ಣಿಗೆ. ಪೈಪ್‌ಫಿಶ್ ಮೀನುಗಳಲ್ಲಿ ಮೊಟ್ಟೆ ಹೊರೋದು ಗಂಡು, ಅವುಗಳ ಕೆಲವು ಜಾತೀಲಿ ಅಲಂಕಾರ ಇರೋದೂ ಹೆಣ್ಣಿಗೇ. ಅಂದ್ರೆ ಅಲಂಕಾರ ಯಾರದ್ದು ಅನ್ನೋದು ಯಾರು ಯಾರನ್ನ ಆರಿಸ್ತಾರೆ ಅನ್ನೋದ್ರ ಮೇಲೆ ನಿಂತಿದೆ.

ಈಗ ಮನುಷ್ಯರಿಗೆ ಬನ್ನಿ. ನಮ್ಮ ಮಕ್ಕಳು ದೊಡ್ಡವರಾಗೋಕೆ ಹದಿನೈದು ಇಪ್ಪತ್ತು ವರ್ಷ ಬೇಕು, ಬಸಿರು ಬಾಣಂತನ ಹಾಲೂಡಿಸೋದು ತಾಯಿದೇ ಆದ್ರೂ ತಂದೇನೂ, ಬಳಗದವರೂ ತುಂಬಾ ಶ್ರಮ ಹಾಕ್ತಾರೆ. ಸಸ್ತನಿಗಳಲ್ಲಿ ಇದು ಅಪರೂಪ. ಹಾಗಾಗಿ ನಮ್ಮಲ್ಲಿ ಇಬ್ಬರೂ ಆರಿಸ್ತಾರೆ, ಇಬ್ಬರೂ ಆರಿಸಿಕೊಳ್ಳಲ್ಪಡೋಕೆ ಪ್ರಯತ್ನ ಪಡ್ತಾರೆ. "ಪ್ರಾಣಿಗಳಲ್ಲಿ ಗಂಡು ಚೆಂದ, ಮನುಷ್ಯರಲ್ಲಿ ಮಾತ್ರ ಹೆಣ್ಣು ಯಾಕೆ ಅಲಂಕಾರ ಮಾಡ್ಕೊಳ್ಳುತ್ತೆ" ಅನ್ನೋ ಹಳೇ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ, ಮನುಷ್ಯರಲ್ಲಿ ಗಂಡೂ ಆರಿಸೋ ಸ್ಥಾನದಲ್ಲಿ ಕೂತಿದ್ದಾನೆ. ಇನ್ನರ್ಧ ಆಸ್ತಿ ಯಾರ ಕೈಲಿದೆ ಅನ್ನೋದ್ರಲ್ಲಿದೆ, ಮುಂದೆ ಬರುತ್ತೆ.

ದೇಹದ ಪಾಲು ನಿಜವಾಗ್ಲೂ ಎಲ್ಲಿ ಕಾಣುತ್ತೆ ಅಂತ ಒಂದು ಉದಾಹರಣೆ ಹತ್ತಿರದಿಂದ ನೋಡಿ. ಸರಾಸರಿ ತಗೊಂಡ್ರೆ ಒಂದೇ ಜನಾಂಗದ ಒಳಗೆ ಹೆಂಗಸರ ಚರ್ಮ ಗಂಡಸರಿಗಿಂತ ಸ್ವಲ್ಪ ತಿಳಿಯಾಗಿರುತ್ತೆ, ಆದ್ರೆ ಕಣ್ಣು ತುಟಿಗಳ ಗಾಢತೆ ಅಷ್ಟಾಗಿ ತಿಳಿಯಾಗಲ್ಲ, ಹಾಗಾಗಿ ಹೆಣ್ಣಿನ ಮುಖದಲ್ಲಿ ಕಣ್ಣು ತುಟಿ ಸ್ವಲ್ಪ ಜಾಸ್ತಿ ಎದ್ದು ಕಾಣುತ್ತೆ. ರಿಚರ್ಡ್ ರಸೆಲ್ ಅನ್ನೋ ಮನಃಶಾಸ್ತ್ರಜ್ಞರು ಇದರ ಮೇಲೆ 2009ರಲ್ಲಿ ಅಧ್ಯಯನ ಪ್ರಕಟಿಸಿದ್ರು. ಗಂಡೋ ಹೆಣ್ಣೋ ಅಂತ ಹೇಳೋಕಾಗದ ಒಂದೇ ಮುಖದ ಚಿತ್ರದಲ್ಲಿ ಈ ವ್ಯತ್ಯಾಸ ಹೆಚ್ಚು ಮಾಡಿದ್ರೆ ಜನಕ್ಕೆ ಹೆಣ್ಣಿನ ಮುಖ ಅನ್ಸುತ್ತೆ, ಕಡಿಮೆ ಮಾಡಿದ್ರೆ ಗಂಡಿನ ಮುಖ ಅನ್ಸುತ್ತೆ, ಬೇರೇನೂ ಬದಲಾಯಿಸಬೇಕಿಲ್ಲ! ಈಗ ಕಾಡಿಗೆ, ಲಿಪ್‌ಸ್ಟಿಕ್ಕು, ಮುಖಕ್ಕೆ ಹಚ್ಚೋ ಫೌಂಡೇಶನ್ನು ಏನು ಮಾಡ್ತವೆ ಯೋಚಿಸಿ. ಕಣ್ಣು ತುಟಿ ಗಾಢ ಮಾಡ್ತವೆ, ಚರ್ಮ ಒಂದೇ ಸಮ ಮಾಡ್ತವೆ. ಅಂದ್ರೆ ಇರೋ ವ್ಯತ್ಯಾಸಾನೇ ದೊಡ್ಡದು ಮಾಡಿ ತೋರಿಸ್ತವೆ. ವಯಸ್ಸಾಗ್ತಾ ಈ ವ್ಯತ್ಯಾಸ ತಗ್ಗುತ್ತೆ ಕೂಡ, ಹಾಗಾಗಿ ಹೆಚ್ಚಿಸಿದ್ರೆ ಎಳೇ ಮುಖ ಅನ್ನೋ ಭಾವನೆ ಬರುತ್ತೆ.

ಗಂಡಸರ ಕಡೆ ಇದೇ ಥರದ್ದು ಹುಡುಕಿದ್ರೆ ಭುಜ, ಎತ್ತರ, ಗಡ್ಡ ಸಿಗುತ್ತೆ. ಸೈನ್ಯದ ಸಮವಸ್ತ್ರದ ಭುಜಪಟ್ಟಿ, ಕೋಟಿನ ಒಳಗೆ ತುಂಬೋ ಪ್ಯಾಡು, ಎತ್ತರದ ಟೋಪಿ, ಗರಿ ಸಿಕ್ಕಿಸಿದ ಶಿರಸ್ತ್ರಾಣ, ಇವೆಲ್ಲ ಮೈಯನ್ನ ಇರೋದಕ್ಕಿಂತ ದೊಡ್ಡದಾಗಿ ತೋರಿಸ್ತವೆ. ಇಲ್ಲಿ ಒಂದು ಸೂಕ್ಷ್ಮ ಇದೆ, ಇದರ ಪ್ರೇಕ್ಷಕರು ಹೆಂಗಸರು ಅಂತ ತಕ್ಷಣ ತೀರ್ಮಾನ ಮಾಡ್ಬೇಡಿ. ಗಡ್ಡದ ಬಗ್ಗೆ 2012ರಲ್ಲಿ ಬಾರ್ನಬಿ ಡಿಕ್ಸನ್ ಮತ್ತೆ ಪಾಲ್ ವೇಸಿ ಮಾಡಿದ ಅಧ್ಯಯನದಲ್ಲಿ, ಗಡ್ಡ ಬಿಟ್ಟ ಮುಖಗಳನ್ನ ಜನ ಜಾಸ್ತಿ ವಯಸ್ಸಿನವರು, ಜಾಸ್ತಿ ಸ್ಥಾನಮಾನ ಇರೋರು, ಕೋಪ ಬಂದಾಗ ಜಾಸ್ತಿ ಉಗ್ರರು ಅಂತ ನೋಡಿದ್ರು, ಆದ್ರೆ ಹೆಂಗಸರು ಅದನ್ನ ಜಾಸ್ತಿ ಚೆಂದ ಅಂತ ಹೇಳಲಿಲ್ಲ. ಅಂದ್ರೆ ಗಡ್ಡ ಬಹುಶಃ ಇನ್ನೊಬ್ಬ ಗಂಡಸಿಗೆ ಹೇಳೋ ಮಾತು. 2014ರ ಇನ್ನೊಂದು ಅಧ್ಯಯನದಲ್ಲಿ ಗಡ್ಡ ಅಪರೂಪವಾಗಿದ್ದಾಗ ಗಡ್ಡ ಚೆಂದ ಅನ್ನಿಸ್ತು, ಎಲ್ಲರಿಗೂ ಗಡ್ಡ ಇದ್ದಾಗ ನುಣ್ಣಗೆ ಬೋಳಿಸಿದ ಮುಖ ಚೆಂದ ಅನ್ನಿಸ್ತು. ಫ್ಯಾಷನ್ ಯಾಕೆ ತಿರುಗ್ತಾನೇ ಇರುತ್ತೆ ಅನ್ನೋದಕ್ಕೆ ನನಗೆ ತಿಳಿದ ಮಟ್ಟಿಗೆ ಇದಕ್ಕಿಂತ ಸರಳ ವಿವರಣೆ ಇಲ್ಲ.

ಹಾಗಾಗಿ ನಿಮ್ಮ ಹಾಳೆ ಮೇಲೆ ಎರಡನೇ ಪ್ರಶ್ನೆ ಬರೀರಿ: ಈ ಅಲಂಕಾರ ಗಂಡು ಹೆಣ್ಣಿನ ದೇಹದಲ್ಲಿ ಮೊದಲೇ ಇರೋ ವ್ಯತ್ಯಾಸಾನ ಹಿಗ್ಗಿಸುತ್ತಾ? ಲಿಪ್‌ಸ್ಟಿಕ್ಕಿಗೆ ಹೌದು, ಭುಜಪಟ್ಟಿಗೆ ಹೌದು. ಓಲೆಗೆ? ಗಂಡಿನ ಕಿವಿ ಹಾಲೆಗೂ ಹೆಣ್ಣಿನ ಕಿವಿ ಹಾಲೆಗೂ ಹೇಳೋಂಥ ವ್ಯತ್ಯಾಸ ಏನೂ ಇಲ್ಲ. ಇಂಗ್ಲೆಂಡಿನ ಸರ್ ವಾಲ್ಟರ್ ರಾಲಿ 1588ರ ಚಿತ್ರದಲ್ಲಿ ಮುತ್ತಿನ ಓಲೆ ಹಾಕ್ಕೊಂಡು ನಿಂತಿದ್ದಾನೆ, ರಾಜ ಒಂದನೇ ಚಾರ್ಲ್ಸ್ 1649ರಲ್ಲಿ ಶಿರಚ್ಛೇದಕ್ಕೆ ಹೋದಾಗಲೂ ಕಿವೀಲಿ ಮುತ್ತು ಇತ್ತು. ಅಲ್ಲಿಗೆ ಓಲೆ ಹೆಣ್ಣಿನದ್ದು ಅನ್ನೋದು ಪೂರಾ ರೂಢಿ ಅಂತ ಧೈರ್ಯವಾಗಿ ಬರೀಬಹುದು.

ಉಲ್ಟಾ ಇರೋ ಜಾಗ ಹುಡುಕಿ

ಒಂದು ಅಲಂಕಾರ ಪ್ರಕೃತಿಯಿಂದಾನೇ ಹೆಣ್ಣಿನದ್ದು ಅಂತ ಹೇಳಿದ್ರೆ, ಗಂಡಸರು ಅದನ್ನೇ ಮಾಡೋ ಜಾಗ ಇದ್ಯಾ ಅಂತ ಹುಡುಕಲೇಬೇಕು. ಒಂದು ಸಿಕ್ಕರೂ ಯೋಚನೆ ಬದಲಾಗುತ್ತೆ. ಮುಖದ ಬಣ್ಣಕ್ಕೆ ನೈಜರ್ ದೇಶದ ವೊಡಾಬೆ ಜನ ಸಿಗ್ತಾರೆ. ಇವರು ಫುಲಾನಿ ಬಳಗಕ್ಕೆ ಸೇರಿದ ದನಗಾಹಿಗಳು, ಮಳೆಗಾಲ ಮುಗಿಯೋ ಹೊತ್ತಿಗೆ ಒಟ್ಟು ಸೇರಿ ಗೆರೆವೊಲ್ ಅನ್ನೋ ಆಚರಣೆ ಮಾಡ್ತಾರೆ. ಅಲ್ಲಿ ಸ್ಪರ್ಧೆ ಇರೋದು ಗಂಡಸರಿಗೆ, ತೀರ್ಪು ಕೊಡೋರು ಹೆಂಗಸರು. ಹುಡುಗ್ರು ಗಂಟೆಗಟ್ಟಲೆ ಕೂತು ಕನ್ನಡಿ ಹಿಡ್ಕೊಂಡು ಮುಖಕ್ಕೆ ಕೆಂಪು ಇಲ್ಲಾ ಹಳದಿ ಮಣ್ಣಿನ ಬಣ್ಣ ಹಚ್ಚಿ, ಮೂಗು ನೀಳವಾಗಿ ಕಾಣ್ಲಿ ಅಂತ ಹಣೆಯಿಂದ ಮೂಗಿನ ತುದಿವರೆಗೆ ತಿಳಿ ಬಣ್ಣದ ಗೆರೆ ಎಳೆದು, ಹಣೆ ದೊಡ್ಡದು ಕಾಣ್ಲಿ ಅಂತ ಮುಂಗೂದಲು ಬೋಳಿಸಿ, ತುಟಿ ಮತ್ತೆ ಕಣ್ಣಿನ ಸುತ್ತ ಕಪ್ಪು ಹಚ್ಚಿ, ರುಮಾಲಿಗೆ ಆಸ್ಟ್ರಿಚ್ ಗರಿ ಸಿಕ್ಕಿಸಿ ಸಾಲಾಗಿ ಭುಜಕ್ಕೆ ಭುಜ ತಾಗಿಸಿ ನಿಲ್ತಾರೆ. ತುದಿಗಾಲಲ್ಲಿ ಏರಿ ಇಳಿದು, ಕಣ್ಣು ಅಗಲಿಸಿ ಹೊರಳಿಸಿ, ಹಲ್ಲು ಕಾಣೋ ಹಾಗೆ ತುಟಿ ಬಿಗಿದು, ಗಂಟೆಗಟ್ಟಲೆ ಕುಣೀತಾರೆ.

ಕಪ್ಪು ತುಟಿಯ ನಡುವೆ ಹಲ್ಲು, ಕಪ್ಪು ಗೆರೆಯ ನಡುವೆ ಕಣ್ಣಿನ ಬಿಳುಪು, ಇದು ಗಮನಿಸಿ. ಮುಖದಲ್ಲಿ ವ್ಯತ್ಯಾಸ ಹೆಚ್ಚಿಸಿ ಕಣ್ಣು ಸೆಳೆಯೋ ಅದೇ ಉಪಾಯ, ಬೇರೆ ಕಡೆ ಹೆಂಗಸರು ಬಳಸೋದು, ಇಲ್ಲಿ ಗಂಡಸರ ಕೈಲಿದೆ. ಹೊಳೆಯೋ ಕಣ್ಣು ಬಿಳೀ ಹಲ್ಲು ಆರೋಗ್ಯದ ಗುರುತು ಅಂತ ನಮ್ಮ ಕಣ್ಣಿಗೆ ಅನ್ಸೋದು ದೇಹದ ಪಾಲು ಇರಬಹುದು, ಆದ್ರೆ ಯಾರು ಹಚ್ಚಬೇಕು ಯಾರು ಕೂತು ನೋಡಬೇಕು ಅನ್ನೋದನ್ನ ಆ ಸಮಾಜ ತನ್ನದೇ ರೀತೀಲಿ ತೀರ್ಮಾನ ಮಾಡಿದೆ. ಈ ಒಂದು ಉದಾಹರಣೆ ಮೇಲೆ ನನಗೆ ಅಷ್ಟು ಪ್ರೀತಿ ಯಾಕಂದ್ರೆ ಎರಡೂ ಪಕ್ಷದವರ ಮಾತಿನಲ್ಲಿ ಸರಿ ಎಷ್ಟು, ಅತಿ ಎಷ್ಟು ಅನ್ನೋದು ಒಂದೇ ಸಾಲಿನ ಮುಖಗಳಲ್ಲಿ ಕಾಣುತ್ತೆ. ಪಾಪುವಾ ನ್ಯೂಗಿನಿಯ ಹುಲಿ (Huli, ಬುಡಕಟ್ಟಿನ ಹೆಸರು) ಜನರಲ್ಲೂ ಹಾಗೇ, ತಮ್ಮದೇ ಕೂದಲು ಬೆಳೆಸಿ ಅದರಿಂದ ವಿಗ್ ಮಾಡಿ ಹಕ್ಕಿಗರಿ ಸಿಕ್ಕಿಸ್ಕೊಳ್ಳೋರು ಗಂಡಸರು. ಸಹಾರದ ತುಆರೆಗ್ ಜನರಲ್ಲಿ ಮುಖ ಮುಚ್ಚೋ ನೀಲಿ ಬಟ್ಟೆ ಸುತ್ತಿಕೊಳ್ಳೋರೂ ಗಂಡಸರೇ.

ಹುಟ್ಟಿದ್ದು ಯಾಕೆ, ಉಳಿದಿದ್ದು ಯಾಕೆ: ಎರಡನ್ನ ಬೇರೆ ಬೇರೆ ಬರೀರಿ

ಹೈ ಹೀಲ್ಸ್ ತಗೊಳ್ಳಿ. ಅದನ್ನ ಹಾಕ್ಕೊಂಡು ನಡೆದ್ರೆ ಹೆಜ್ಜೆ ಚಿಕ್ಕದಾಗುತ್ತೆ, ಸೊಂಟದ ಚಲನೆ ಹೆಚ್ಚಾಗುತ್ತೆ, 2013ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮುಖ ಮೈ ಏನೂ ಕಾಣದ ಹಾಗೆ ಕೀಲುಗಳ ಜಾಗದಲ್ಲಿ ಬರೀ ಬೆಳಕಿನ ಚುಕ್ಕಿ ತೋರಿಸಿದಾಗಲೂ ಜನ ಆ ನಡಿಗೇನೇ ಜಾಸ್ತಿ ಆಕರ್ಷಕ ಅಂದ್ರು, ಹಾಗಂದಿದ್ದು ಗಂಡಸರು ಮಾತ್ರ ಅಲ್ಲ, ಹೆಂಗಸರೂ. ಸರಿ, ಹಾಗಿದ್ರೆ ಹೀಲ್ಸ್ ಹುಟ್ಟಿದ್ದೇ ಇದಕ್ಕೆ ಅಂತ ಬರೆದುಬಿಡ್ಬೇಡಿ, ಬಹಳ ಜನ ಎಡವೋದು ಇಲ್ಲೇ.

ಪರ್ಷಿಯಾದ ಕುದುರೆ ಸವಾರರು ಹೀಲ್ಸ್ ಹಾಕ್ತಿದ್ರು. ರಿಕಾಪಿನಲ್ಲಿ ಕಾಲಿಟ್ಟು ಎದ್ದು ನಿಂತು ಬಿಲ್ಲು ಹೂಡೋವಾಗ ಕಾಲು ಜಾರದೆ ಹಿಮ್ಮಡಿ ಕಚ್ಕೊಂಡು ನಿಲ್ಲುತ್ತೆ, ಅದು ಸವಾರಿ ಸಾಮಾನು. 1599ರಲ್ಲಿ ಪರ್ಷಿಯಾದ ದೊರೆ ಶಾ ಅಬ್ಬಾಸ್ ಯುರೋಪಿನ ಆಸ್ಥಾನಗಳಿಗೆ ರಾಯಭಾರಿಗಳನ್ನ ಕಳಿಸಿದ ಕಾಲದಲ್ಲಿ ಪರ್ಷಿಯಾದ ವಸ್ತುಗಳ ಮೇಲೆ ಅಲ್ಲಿನ ಸಿರಿವಂತರಿಗೆ ಮೋಹ ಹತ್ತಿತು, ಗಂಡಸರು ಹಿಮ್ಮಡಿ ಎತ್ತರದ ಬೂಟು ಹಾಕೋಕೆ ಶುರು ಮಾಡಿದ್ರು. ಕುದುರೆ ಇಟ್ಕೊಂಡವನು, ಕೆಸರಲ್ಲಿ ನಡೆದು ದುಡಿಯೋ ಗತಿ ಇಲ್ಲದವನು, ಅಂತ ಆ ಬೂಟು ಹೇಳ್ತಿತ್ತು. ಫ್ರಾನ್ಸಿನ ಹದಿನಾಲ್ಕನೇ ಲೂಯಿಯ ಆಸ್ಥಾನದಲ್ಲಿ ಕೆಂಪು ಹಿಮ್ಮಡಿ ಅಂದ್ರೆ ಆಸ್ಥಾನದವನು ಅನ್ನೋ ಗುರುತು. 1701ರಲ್ಲಿ ಹಯಸಿಂತ್ ರಿಗೋ ಬರೆದ ಚಿತ್ರ ಹುಡುಕಿ ನೋಡಿ, 63 ವರ್ಷದ ರಾಜ ರಾಶಿ ಗುಂಗುರು ವಿಗ್ಗು, ಬಿಳೀ ಬಿಗಿ ಕಾಲುಚೀಲ, ಕೆಂಪು ಹಿಮ್ಮಡಿ ಬೂಟು ಹಾಕ್ಕೊಂಡು, ಮೇಲಂಗಿಯನ್ನ ಹಿಂದಕ್ಕೆ ಸರಿಸಿ ಕಾಲು ಮುಂದಿಟ್ಟು ನಿಂತಿದ್ದಾನೆ. ಆ ಕಾಲದ ಯಾರೂ ಅದನ್ನ ಹೆಣ್ಣಿನ ಥರ ಅಂತ ನೋಡಲಿಲ್ಲ, ಅಧಿಕಾರ ಅಂತ ನೋಡಿದ್ರು. 1600ರ ದಶಕಗಳಲ್ಲಿ ಹೆಂಗಸರೂ ಇದನ್ನ ತಗೊಂಡ್ರು, 1740ರ ಹೊತ್ತಿಗೆ ಗಂಡಸರು ಹೆಚ್ಚುಕಮ್ಮಿ ಬಿಟ್ಟೇಬಿಟ್ರು, ಫ್ರೆಂಚ್ ಕ್ರಾಂತಿ ಹೊತ್ತಿಗೆ ಹೆಂಗಸರದ್ದೂ ತಗ್ಗಿ, ಹತ್ತೊಂಬತ್ತನೇ ಶತಮಾನದಲ್ಲಿ ಮತ್ತೆ ಬಂದಾಗ ಅದು ಹೆಣ್ಣಿನದ್ದಾಗಿತ್ತು. ಕುದುರೆ ಬಿಡದ ಕೌಬಾಯ್ ಬೂಟಿನಲ್ಲಿ ಮಾತ್ರ ಗಂಡಸಿನ ಹಿಮ್ಮಡಿ ಇವತ್ತಿಗೂ ಉಳಿದಿದೆ.

ಹುಟ್ಟಿದ್ದು ಸವಾರಿಗೆ, ಹರಡಿದ್ದು ಅಂತಸ್ತಿಗೆ, ಹೆಣ್ಣಿನ ಕಾಲಲ್ಲಿ ಉಳಿಯೋಕೆ ಆ ನಡಿಗೆಯ ಪರಿಣಾಮಾನೂ ಒಂದು ಕಾರಣ ಇರಬಹುದು. ಮೂರೂ ಒಟ್ಟಿಗೆ ನಿಜ ಆಗೋಕೆ ಏನೂ ಅಡ್ಡಿ ಇಲ್ಲ.

ಇದರ ತಿರುವುಮುರುವು ಕೈಗಡಿಯಾರ. ಮೊದಲನೇ ಮಹಾಯುದ್ಧಕ್ಕೆ ಮುಂಚೆ ಪಾಶ್ಚಾತ್ಯ ದೇಶಗಳಲ್ಲಿ ಗಂಡಸು ಅಂದ್ರೆ ಜೇಬಿನ ಗಡಿಯಾರ, ಮಣಿಕಟ್ಟಿಗೆ ಕಟ್ಟೋದು ಹೆಂಗಸರ ಬಳೆ ಥರದ ಒಡವೆ. ಕಂದಕದಲ್ಲಿ ಕೂತ ಸೈನಿಕನಿಗೆ ಫಿರಂಗಿ ದಾಳಿಯ ಹೊತ್ತಿಗೆ ಸರಿಯಾಗಿ ಏಳ್ಬೇಕು, ಕೈಯಲ್ಲಿ ಬಂದೂಕು ಇರ್ಬೇಕು, ಜೇಬು ತಡಕೋಕೆ ಸಮಯ ಇಲ್ಲ, ಮಣಿಕಟ್ಟಿಗೆ ಕಟ್ಟಿದ. ಯುದ್ಧ ಮುಗಿದು ಸೈನಿಕರು ಮನೆಗೆ ಬಂದಾಗ ಅದು ವೀರರ ಗುರುತಾಗಿತ್ತು. ಮಣಿಕಟ್ಟು ಅದೇ, ಅರ್ಥ ಒಂದು ತಲೆಮಾರಿನಲ್ಲಿ ತಿರುಗಿಹೋಯ್ತು.

ದುಡ್ಡು, ಕಾನೂನು, ಆಸ್ತಿ

ನಿಮ್ಮ ಹಾಳೆಯ ಮುಂದಿನ ಸಾಲು: ಇದಕ್ಕೆ ದುಡ್ಡು ಕೊಟ್ಟಿದ್ದು ಯಾರು, ಇದನ್ನ ತಡೆದಿದ್ದು ಯಾರು? ಈ ಪ್ರಶ್ನೆ ಕೇಳದೆ ಬಿಟ್ಟ ಬರಹ ಅರ್ಧ ಬರಹ.

ರೋಮ್‌ನಲ್ಲಿ ಕ್ರಿ.ಪೂ. 215ರಲ್ಲಿ, ಕಾರ್ತೇಜ್‌ನ ಸೇನಾಪತಿ ಹ್ಯಾನಿಬಲ್ ಜೊತೆ ಯುದ್ಧ ನಡೀತಿದ್ದಾಗ, ಒಪ್ಪಿಯನ್ ಕಾನೂನು ಅಂತ ಒಂದು ಬಂತು: ಹೆಂಗಸು ಅರ್ಧ ಔನ್ಸಿಗಿಂತ ಜಾಸ್ತಿ ಚಿನ್ನ ಇಟ್ಕೊಳ್ಳಬಾರ್ದು, ಬಣ್ಣಬಣ್ಣದ ಬಟ್ಟೆ ಉಡಬಾರ್ದು, ಊರೊಳಗೆ ಗಾಡೀಲಿ ಓಡಾಡಬಾರ್ದು. ಯುದ್ಧ ಮುಗಿದ ಮೇಲೂ ಅದು ಹಾಗೇ ಇತ್ತು. ಕ್ರಿ.ಪೂ. 195ರಲ್ಲಿ ಅದನ್ನ ತೆಗೀಬೇಕು ಅನ್ನೋ ಚರ್ಚೆ ಬಂದಾಗ ಹೆಂಗಸರು ಬೀದಿಗಿಳಿದು ದಾರಿ ತುಂಬಿ ನಿಂತ್ರು, ಆಗ ರೋಮ್‌ನ ಕಾನ್ಸಲ್, ಅಂದ್ರೆ ಮುಖ್ಯ ಅಧಿಕಾರಿ, ಆಗಿದ್ದ ಕೇಟೋ ಎಷ್ಟೇ ವಿರೋಧ ಮಾಡಿದ್ರೂ ಕಾನೂನು ರದ್ದಾಯ್ತು. ಅಧಿಕಾರದ ಹುದ್ದೆ, ಪದವಿ ಇದ್ಯಾವುದೂ ಸಿಗದ ಹೆಂಗಸಿಗೆ ತನ್ನ ಸ್ಥಾನ ತೋರಿಸೋಕೆ ಉಳಿದಿದ್ದು ಒಡವೆ ಬಟ್ಟೆ ಮಾತ್ರ, ಅದಕ್ಕೇ ಅಷ್ಟು ಹೋರಾಟ. ಭೂಮಿ ಮನೆ ಹೆಂಗಸಿನ ಹೆಸರಿಗೆ ಬರದ ಕಡೆಗಳಲ್ಲಿ ಒಡವೆ ಅನ್ನೋದು ಮೈಮೇಲೆ ಹೊತ್ಕೊಂಡು ಹೋಗೋ ಆಸ್ತಿ, ಕಷ್ಟಕ್ಕೆ ಮಾರೋಕಾಗುತ್ತೆ, ಇದನ್ನ ಬರೀ ಚೆಂದದ ಆಸೆ ಅಂತ ಬರೆಯೋದು ಅವಳಿಗೆ ಮಾಡೋ ಅನ್ಯಾಯ.

1899ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ತಾರ್ಸ್ಟೈನ್ ವೆಬ್ಲೆನ್ ಇನ್ನೊಂದು ಕೋನ ಕೊಟ್ರು, ಅನುಕೂಲಸ್ಥ ಗಂಡ ತಾನು ಸಾದಾ ಕೋಟು ಹಾಕ್ಕೊಂಡು ಹೆಂಡತಿ ಮೈಮೇಲೆ ತನ್ನ ಶ್ರೀಮಂತಿಕೆ ತೋರಿಸ್ತಾನೆ ಅಂತ. ಗಂಡಸರು ಆ ಸಾದಾ ಕೋಟಿಗೆ ಬಂದಿದ್ದು ಯಾವಾಗ? ಹದಿನೆಂಟನೇ ಶತಮಾನದ ಕೊನೆಗೆ ಯುರೋಪಿನ ಗಂಡಸರು ರೇಷ್ಮೆ, ಲೇಸು, ಪೌಡರು, ಬಣ್ಣ ಎಲ್ಲಾ ಕೈಬಿಟ್ಟು ಕಪ್ಪು ಬೂದು ಬಟ್ಟೆಗೆ ಇಳಿದ್ರು, ಇದನ್ನ ಮನೋವಿಶ್ಲೇಷಕ ಫ್ಲೂಗೆಲ್ 1930ರಲ್ಲಿ ಗಂಡಿನ ಮಹಾ ತ್ಯಾಗ ಅಂತ ಕರೆದ್ರು. ದುಡಿಮೆ, ಸಮಾನತೆ, ಗಾಂಭೀರ್ಯ ಇವು ದೊಡ್ಡ ಗುಣ ಅನ್ನಿಸಿಕೊಂಡ ಕಾಲ ಅದು, ಹೊಳೆಯೋ ಬಟ್ಟೆ ಹಳೇ ಶ್ರೀಮಂತಶಾಹಿಯ ಗುರುತಾಗಿತ್ತು. ಇವತ್ತು ಆಫೀಸುಗಳಲ್ಲಿ ಕಾಣೋ ಗಂಡಿನ ಸಾದಾತನ ಪ್ರಕೃತಿಯ ನಿಯಮದ ಥರ ಅನ್ಸುತ್ತೆ, ಅದರ ವಯಸ್ಸು ಎರಡೂವರೆ ಶತಮಾನಾನೂ ದಾಟಿಲ್ಲ.

ಗಂಡಸರ ದೇಹಕ್ಕೂ ಕಾನೂನು ಬಿಟ್ಟಿಲ್ಲ. ರಷ್ಯಾದ ಪೀಟರ್ ದೊರೆ ಗಡ್ಡಕ್ಕೆ ತೆರಿಗೆ ಹಾಕಿದ, ತೆರಿಗೆ ಕಟ್ಟಿದವರಿಗೆ ಒಂದು ಬಿಲ್ಲೆ ಕೊಡ್ತಿದ್ರು, 1705ರ ಬಿಲ್ಲೆ ಮೇಲೆ ಮೂಗು ಮೀಸೆ ಗಡ್ಡದ ಚಿತ್ರ, ಮೇಲೆ "ಹಣ ಸಂದಾಯವಾಗಿದೆ" ಅನ್ನೋ ಬರಹ ಇದೆ. ಗಡ್ಡ ಬರೋದು ಹಾರ್ಮೋನಿನಿಂದ, ಬಿಡ್ಬೇಕಾ ಬೋಳಿಸ್ಬೇಕಾ ಅನ್ನೋದು ದೊರೆ, ಧರ್ಮ, ಓರಗೆಯವರು ಹೇಳಿದ ಹಾಗೆ.

ಅಧ್ಯಯನಗಳನ್ನ ಓದೋವಾಗ

ಈ ವಿಷಯದಲ್ಲಿ ಸುದ್ದಿ ತಲೆಬರಹಗಳು ಬಹಳ ಬೇಗ ಹಾರ್ತವೆ. ಋತುಚಕ್ರದ ಇಂತಿಂಥ ದಿನ ಹೆಂಗಸರು ಕೆಂಪು ಬಟ್ಟೆ ಹಾಕ್ತಾರೆ ಅನ್ನೋ ಥರದ್ದು ನೋಡಿರ್ತೀರಿ, ಅಂಥವುಗಳಲ್ಲಿ ಕಡಿಮೆ ಜನರನ್ನ ನೋಡಿ ದೊಡ್ಡ ಮಾತು ಹೇಳಿದ್ದಕ್ಕೆ ಕಟುವಾದ ಟೀಕೆ ಬಂದಿದೆ, ನಿಮ್ಮ ಬರಹದ ಭಾರಾನ ಅವುಗಳ ಮೇಲೆ ಹಾಕ್ಬೇಡಿ. ನವಿಲಿನ ಕಥೆ ಕೂಡ ಅಷ್ಟು ಸಲೀಸಾಗಿಲ್ಲ. 1990ರ ದಶಕದ ಆಸುಪಾಸು ಇಂಗ್ಲೆಂಡಿನಲ್ಲಿ ಮರಿಯನ್ ಪೆಟ್ರಿ ಗರಿಯ ಕಣ್ಣುಗಳು ಜಾಸ್ತಿ ಇದ್ದ ಗಂಡಿಗೆ ಜಾಸ್ತಿ ಜೋಡಿ ಸಿಗುತ್ತೆ ಅಂತ ತೋರಿಸಿದ್ರು, 2008ರಲ್ಲಿ ಜಪಾನಿನ ಮರಿಕೋ ತಕಹಾಶಿ ತಂಡ ವರ್ಷಗಟ್ಟಲೆ ನೋಡಿ ನಮಗೆ ಹಾಗೆ ಕಾಣಲಿಲ್ಲ ಅಂದ್ರು. ಜೊತೆಗೆ 2010ರಲ್ಲಿ ಜೋಸೆಫ್ ಹೆನ್ರಿಕ್ ಮತ್ತಿತರರು ಮನಃಶಾಸ್ತ್ರದ ಒಂದು ದೊಡ್ಡ ದೋಷ ಎತ್ತಿ ತೋರಿಸಿದ್ರು, ಬಹುಪಾಲು ಅಧ್ಯಯನ ನಡೆಯೋದು ಶ್ರೀಮಂತ ಪಾಶ್ಚಾತ್ಯ ದೇಶಗಳ ಜನರ ಮೇಲೆ, ಅದರಲ್ಲೂ ಕಾಲೇಜು ವಿದ್ಯಾರ್ಥಿಗಳ ಮೇಲೆ, ಅವರನ್ನ ನೋಡಿ ಇಡೀ ಮನುಕುಲದ ಬಗ್ಗೆ ಹೇಳೋಕೆ ಬರಲ್ಲ ಅಂತ.

ಒಳ್ಳೇ ಅಧ್ಯಯನ ಕೂಡ ನಮ್ಮ ಊಹೆ ತಲೆಕೆಳಗು ಮಾಡಬಹುದು. 2018ರಲ್ಲಿ ಖಾಂಡಿಸ್ ಬ್ಲೇಕ್ ತಂಡ 113 ದೇಶಗಳಿಂದ ಹೆಂಗಸರು ತಾವೇ ಆಕರ್ಷಕವಾಗಿ ತೆಗೆದು ಹಾಕಿದ ಸೆಲ್ಫಿಗಳನ್ನ ಲೆಕ್ಕ ಹಾಕ್ತು. ಹೆಣ್ಣಿಗೆ ಹಕ್ಕು ಕಡಿಮೆ ಇರೋ ಕಡೆ ಇವು ಜಾಸ್ತಿ ಇರುತ್ತೆ ಅಂತ ಅನ್ಕೊಂಡ್ರೆ ಹಾಗಿರಲಿಲ್ಲ, ಆದಾಯದ ಅಂತರ ಜಾಸ್ತಿ ಇರೋ ಕಡೆ ಜಾಸ್ತಿ ಇತ್ತು. ಮೇಲೆ ಏರೋಕೂ ಕೆಳಗೆ ಬೀಳೋಕೂ ದೂರ ಜಾಸ್ತಿ ಇದ್ದಾಗ ರೂಪಾನೂ ಪೈಪೋಟಿಯ ಸಾಧನ ಆಗುತ್ತೆ ಅನ್ನೋದು ಅವರ ಓದು. ಪೈಪೋಟಿ ಮಾಡೋ ಸ್ವಭಾವ ಹಳೇದಿರಬಹುದು, ಅದರ ಕಾವು ಎಷ್ಟು ಅನ್ನೋದನ್ನ ಸುತ್ತಲ ಆರ್ಥಿಕತೆ ತೀರ್ಮಾನಿಸುತ್ತೆ.

ಸರಾಸರಿ ಅನ್ನೋ ಪದ ಎಲ್ಲಿ ಬಂದ್ರೂ ನಿಲ್ಲಿ. ಸರಾಸರಿ ಹೆಣ್ಣು ಸರಾಸರಿ ಗಂಡು ಅಂತ ಹೇಳಿದ್ದು ನಿಮ್ಮ ಅಕ್ಕನ ಬಗ್ಗೆಯೋ ತಮ್ಮನ ಬಗ್ಗೆಯೋ ಏನೂ ಹೇಳಲ್ಲ. ಒಬ್ಬ ಹೆಂಗಸು ಬೆಳಗ್ಗೆ ಕಾಡಿಗೆ ಹಚ್ಕೊಳ್ಳೋವಾಗ ಗಂಡಸರ ಬಗ್ಗೆ ಯೋಚನೆ ಮಾಡ್ತಿರ್ತಾಳೆ ಅಂತಾನೂ ಯಾವ ಸಿದ್ಧಾಂತ ಹೇಳಲ್ಲ. ಗೆಳತಿಯರಿಗಾಗಿ, ಕೆಲಸದ ಜಾಗದ ನಿರೀಕ್ಷೆಗಾಗಿ, ಕೈಗೆ ಬಣ್ಣ ತಾಗೋ ಖುಷಿಗಾಗಿ, ತನ್ನ ಅಮ್ಮ ಹಚ್ತಿದ್ರು ಅಂತ, ಹೀಗೆ ಎಷ್ಟೋ ಇರುತ್ತೆ. ವಿಕಾಸದ ಕಾರಣ ಬೇರೆ, ಮನಸ್ಸಿನ ಕಾರಣ ಬೇರೆ, ಎರಡನ್ನ ಬೆರೆಸಿ ಬರೆದ ತಕ್ಷಣ ಅದು ಇನ್ನೊಬ್ಬರ ಮೇಲೆ ಹೊರಿಸೋ ಆರೋಪ ಆಗುತ್ತೆ.

ಮಗು ಬಂದು ಕೇಳಿದ್ರೆ

ಪರೀಕ್ಷೆಗೆ ಬರೆಯೋವಾಗ ಪ್ರತಿ ಮಾತಿಗೂ ಎಲ್ಲಿ, ಯಾವಾಗ, ಯಾರು ಅಂತ ಜೊತೆಗೆ ಬರೀರಿ, "ಹೆಂಗಸರು ಹೀಲ್ಸ್ ಹಾಕ್ತಾರೆ" ಅನ್ನೋ ಬದಲು ಯಾವ ಶತಮಾನದ ಯಾವ ದೇಶದ ಯಾವ ವರ್ಗದವರು ಅಂತ ಬರೆದ್ರೆ ಅರ್ಧ ತಪ್ಪು ತಾನಾಗೇ ಹೋಗುತ್ತೆ. ಮನೇಲಿ ಮಗು ಕೇಳಿದಾಗ ಇಷ್ಟೆಲ್ಲ ಬೇಕಿಲ್ಲ, ಆದ್ರೆ ಕ್ರಮ ಅದೇ. ಮಗ ಬಂದು "ಹುಡುಗ್ರು ಕಣ್ಣಿಗೆ ಕಪ್ಪು ಹಚ್ಕೋಬಾರ್ದಾ" ಅಂತ ಕೇಳಿದ ಅಂತಿಟ್ಕೊಳ್ಳಿ. ಹಳೇ ಈಜಿಪ್ಟಿನಲ್ಲಿ ಗಂಡಸರು ಹೆಂಗಸರು ಇಬ್ಬರೂ ಸಾವಿರಾರು ವರ್ಷ ಹಚ್ತಿದ್ರು ಅಂತ ಚಿತ್ರ ತೋರಿಸಿ. ಹುಡುಗಿಯರ ಮುಖದಲ್ಲಿ ಕಣ್ಣು ತುಟಿ ಮೊದಲೇ ಸ್ವಲ್ಪ ಎದ್ದು ಕಾಣೋದ್ರಿಂದ ಕಪ್ಪು ಹಚ್ಚಿದ್ರೆ ಹೆಣ್ಣಿನ ಮುಖ ಅಂತ ಜನಕ್ಕೆ ಅನ್ಸೋದು ಜಾಸ್ತಿ, ಅದಕ್ಕೇ ನಿನ್ನ ಗೆಳೆಯರು ಹಾಗೆ ಅಂತಾರೆ, ಆದ್ರೆ ವೊಡಾಬೆ ಹುಡುಗ್ರು ಅದನ್ನ ಹಚ್ಚಿಕೊಂಡೇ ಸ್ಪರ್ಧೆಗೆ ನಿಲ್ತಾರೆ ಅಂತ ಹೇಳಿ. ಆಮೇಲೆ ಅವನು ತಂದಿರೋ ಡಬ್ಬಿ ಇಸ್ಕೊಂಡು ಹಿಂದೆ ಬರೆದಿರೋದನ್ನ ಓದಿ, ಯಾಕಂದ್ರೆ ಈಜಿಪ್ಟಿನವರ ಕಾಡಿಗೇಲಿ ಸೀಸ ಇರ್ತಿತ್ತು, ಈಗಲೂ ಕೆಲವು ಕಾಡಿಗೆಗಳಲ್ಲಿ ಸೀಸ ಸಿಗುತ್ತೆ, ಅದು ಹುಡುಗ ಹುಡುಗಿ ಇಬ್ಬರ ಮೆದುಳಿಗೂ ಒಂದೇ ಥರ ಹಾನಿ ಮಾಡುತ್ತೆ. ಒಳಗೆ ಏನು ಹಾಕಿದ್ದಾರೆ ಅಂತ ಬರೆದಿಲ್ಲದ ಡಬ್ಬಿ ಆದ್ರೆ ಬೇಡ ಅನ್ನಿ.